ಕಾಣದ ಕರ್ತೃ

ಮಾರ್ಗಶಿರ, ಪುಷ್ಯ ಮಾಸಗಳ ಇರುಳಿನಲ್ಲಿ ತಲೆಯೆತ್ತಿ ನೋಡುವವರಿಗೆ ರೋಹಿಣಿ ಪರಿಚಿತಳೇ. ವೃಷಭನ ಕೆಂಗಣ್ಣಿನಂತಿರುವ ಈ ತಾರೆಯಿಂದ, ನಾಲ್ಕು ಹುಣ್ಣಿಮೆಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಂತರದಲ್ಲಿ, ಒಂದು ಕರಿಯ ಮೋಡವಿದೆ. ರೋಹಿಣಿ ನಮಗೆ 65 ಜ್ಯೋತಿರ್ವರ್ಷ ದೂರವಾದರೆ ಅದು ಸುಮಾರು 450 ಜ್ಯೋತಿರ್ವರ್ಷ ದೂರ. ಬೆವರ್ಲಿ ಲಿಂಡ್ಸ್ ಅವರು 1962ರಲ್ಲಿ ಪ್ರಕಟಿಸಿದ ಕಪ್ಪು ಮೋಡಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1551. ಬರಿಗಣ್ಣಿಗೆ ಅಲ್ಲಿರುವುದು ಕತ್ತಲೆಯೊಂದೇ.

ಹಳಗನ್ನಡ ಪಾಠ ಹೇಳಿದವನಿಗೆ ಈ ಮೋಡದಲ್ಲೇನು ಆಸಕ್ತಿ ಎಂದು ನೀವು ಕೇಳಬಹುದು. ಓಲೆಗರಿಯಲ್ಲಿ ಕರ್ತೃವಿನ ಹೆಸರಿಲ್ಲದ ಪದ್ಯವೊಂದು ಸಿಕ್ಕಿದರೆ, ಅದನ್ನು ಹತ್ತಿರದ ಪ್ರಸಿದ್ಧ ಕವಿಗೆ ಕಟ್ಟಿಬಿಡುವ ಆತುರ ನಮ್ಮವರಲ್ಲುಂಟು. ನಾನೂ ಒಮ್ಮೆ ಹಾಗೆ ಕಟ್ಟಿ, ಲೇಖನ ಅಚ್ಚಾದ ಮೇಲೆ ನಾಚಿದ್ದೇನೆ. ಆಕಾಶದಲ್ಲಿಯೂ ಈ ಅಪಾಯವಿದೆ.

ಆ ಮೋಡದಲ್ಲಿ ಬೆಳಕಿನ ಕೆಲವು ಸಣ್ಣ ಗಂಟುಗಳಿವೆ. ಅವು ನಕ್ಷತ್ರಗಳಲ್ಲ, ಧಾವಿಸಿ ಬಂದ ಅನಿಲ ಸುತ್ತಲಿನ ಅನಿಲಕ್ಕೆ ಬಡಿದು ಹೊತ್ತಿಸಿದ ಹೊಳಪು. ಅನಿಲವನ್ನು ಎಸೆದವರಾರು? ದೂರದರ್ಶಕಕ್ಕೆ ಕಾಣುವ ಎಳೆಯ ತಾರೆಗಳು ಆ ಮೋಡದಲ್ಲಿ ಉಂಟು. ಕೀರ್ತಿಯನ್ನು ಅವಕ್ಕೆ ಕೊಡುವುದು ಸುಲಭ.

ಆದರೆ ಇನ್ನೂ ಎಳೆಯದಾದ ನಕ್ಷತ್ರ ಧೂಳಿನ ಹೊದಿಕೆಯೊಳಗೇ ಇರುತ್ತದೆ. ಅದರ ಬೆಳಕನ್ನು ಧೂಳು ನುಂಗುತ್ತದೆ; ನುಂಗಿ ಬೆಚ್ಚಗಾಗಿ, ಆ ಶಾಖವನ್ನು ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್, ಬಿಸಿಲಿನ ಏಳು ಬಣ್ಣಗಳಲ್ಲಿ ಕೆಂಪಿನಾಚೆ ಉಷ್ಣಮಾಪಕವಿಟ್ಟು ಕಂಡುಹಿಡಿದದ್ದು ಈ ಕಿರಣಗಳನ್ನೇ. ಬೂದಿ ಮುಚ್ಚಿದ ಕೆಂಡ ಕಣ್ಣಿಗೆ ಕಾಣದು, ಅಂಗೈಗೆ ತಿಳಿಯುತ್ತದೆ. ಹಾಗೆ 1976ರಲ್ಲಿ ಸ್ಟ್ರಾಮ್ ಮತ್ತು ಸಂಗಡಿಗರು ಈ ಮೋಡದೊಳಗೆ ಒಂದು ಕೆಂಡವನ್ನು ಗುರುತಿಸಿದರು. ಅದಕ್ಕೆ ಐಆರ್‌ಎಸ್ 5 ಎಂದು ಹೆಸರು.

ಶಾಖವಿದ್ದ ಮಾತ್ರಕ್ಕೆ ಕರ್ತೃತ್ವ ಸಿದ್ಧವಾಗದು. 1979ರಲ್ಲಿ ಕಡ್ವರ್ತ್ ಮತ್ತು ಹರ್ಬಿಗ್ ಎರಡು ಗಂಟುಗಳ ಚಲನೆಯನ್ನು ಅಳೆದರು. ಸೆಕೆಂಡಿಗೆ ನೂರು ಕಿಲೋಮೀಟರಿಗೂ ಮಿಕ್ಕ ವೇಗ. ಬಂದ ದಾರಿಯನ್ನು ಹಿಂದಕ್ಕೆ ಎಳೆದರೆ ಅದು ಆ ಕೆಂಡದ ಕಡೆಗೇ ಹೋಗುತ್ತದೆ. ಮರುವರ್ಷ ಸ್ನೆಲ್, ಲೋರೆನ್ ಮತ್ತು ಪ್ಲಾಂಬೆಕ್ ರೇಡಿಯೊ ಅಲೆಗಳಿಂದ ಅನಿಲದ ಎರಡು ಧಾರೆಗಳನ್ನು ಕಂಡರು. ಒಂದು ನಮ್ಮತ್ತ ಬರುತ್ತಿತ್ತು, ಇನ್ನೊಂದು ನಮ್ಮಿಂದ ದೂರ ಸರಿಯುತ್ತಿತ್ತು. ನಡುವೆ ಅದೇ ಕೆಂಡ. ಸಾಕ್ಷಿ ಮೂರಾಯಿತು.

ಬೆಳೆಯುವ ನಕ್ಷತ್ರ ಅನಿಲವನ್ನೇಕೆ ಹೊರಗೆಸೆಯಬೇಕು? ಒಳಗೆ ಬರುವ ಅನಿಲ ಗಿರಗಿರನೆ ಸುತ್ತುತ್ತ ತಟ್ಟೆಯಾಗುತ್ತದೆ. ಆ ಸುತ್ತು ಇಳಿಯದೆ ನಕ್ಷತ್ರಕ್ಕೆ ಬೀಳಲಾರದು. ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕಿದ ಒಂದು ಪಾಲು ಅನಿಲ ಆ ಸುತ್ತನ್ನು ಹೊತ್ತು ಎರಡು ಧ್ರುವಗಳ ದಿಕ್ಕಿಗೆ ಹಾರುತ್ತದೆ; ಉಳಿದದ್ದು ನಕ್ಷತ್ರಕ್ಕೆ ದಕ್ಕುತ್ತದೆ. ಕೊಡದೆ ಬೆಳೆಯುವಂತಿಲ್ಲ.

ಕಥೆ ಇಲ್ಲಿಗೂ ಮುಗಿಯಲಿಲ್ಲ. ಮುಂದೆ ಸೂಕ್ಷ್ಮವಾಗಿ ನೋಡಿದಾಗ ಆ ಕೆಂಡ ಒಂದಲ್ಲ, ಜೋಡಿ ಎಂದು ತಿಳಿಯಿತು. ಒಬ್ಬನೆಂದುಕೊಂಡ ಕವಿ ಇಬ್ಬರಾದ ಹಾಗೆ! ಕರ್ತೃವಿನ ಹೆಸರು ಬರೆಯುವಾಗ ನನ್ನ ಲೇಖನಿ ಈಗ ತುಸು ತಡೆಯುತ್ತದೆ.