ಮಾತಂಗ ಬೆಟ್ಟದ ಮೇಲೆ ಒಂದು ಪೂರ್ತಿ ಸುತ್ತು

ಬೆಳಗಿನ ಜಾವ ಹಂಪಿಯ ಮಾತಂಗ ಪರ್ವತ ಹತ್ತಿದವರೆಲ್ಲ ವೀರಭದ್ರನ ಗುಡಿಯ ಆಸುಪಾಸಿನಲ್ಲಿ ಪೂರ್ವಕ್ಕೆ ಮುಖಮಾಡಿ ಕೂತಿರುತ್ತಾರೆ. ಪನೋರಮಾ ಕಲಿಯಲು ಬಂದವರಿಗೆ ಒಂದು ದಿಕ್ಕು ಸಾಲದು. ಬಂಡೆಯ ಮೇಲೆ ಟ್ರೈಪಾಡ್ ಊರಿ, ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೂ ಅದರ ಕಾಲುಗಳನ್ನು ಏರಿಸಿ ಇಳಿಸಿ, ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸುತ್ತಾರೆ. ಅಡ್ಡ ಹಿಡಿದರೆ ಸುತ್ತು ಬೇಗ ಮುಗಿದೀತು. ಆದರೆ ಮೇಲಿನ ಮೋಡ, ಕೆಳಗಿನ ಬಂಡೆ ಎರಡೂ ತುಂಡಾಗುತ್ತವೆ.

ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿ ಹೀಗೆ ನಿಲ್ಲಿಸಿದರೆ ಅಡ್ಡಕ್ಕೆ ಕಾಣುವುದು ಸುಮಾರು 27 ಡಿಗ್ರಿ. ಜೋಡಿಸಲು ಪಕ್ಕದ ಚಿತ್ರದೊಂದಿಗೆ ಮೂರರಲ್ಲೊಂದು ಪಾಲು ಸೇರಿಕೊಳ್ಳಬೇಕು. ಹಾಗಾಗಿ ಪ್ರತಿ ಸಲ 18 ಡಿಗ್ರಿ ತಿರುಗಿಸಬೇಕು, ಇಪ್ಪತ್ತು ಚಿತ್ರಕ್ಕೆ ಸುತ್ತು ಪೂರ್ತಿ. ಅಷ್ಟರಲ್ಲಿ ಪೂರ್ವ ಕೆಂಪೇರಿ ಉರಿಯುತ್ತಿರುತ್ತದೆ, ಪಶ್ಚಿಮ ಇನ್ನೂ ನೀಲಿಗಪ್ಪು. ಬೆಳಕನ್ನು ಅಳೆಯುವ ಕೆಲಸ ಕ್ಯಾಮೆರಾಕ್ಕೇ ಬಿಟ್ಟರೆ ಅದು ಒಂದೊಂದು ಚಿತ್ರಕ್ಕೆ ಒಂದೊಂದು ಲೆಕ್ಕ ಹಾಕಿ, ಜೋಡಿಸಿದ ಆಕಾಶದಲ್ಲಿ ಪಟ್ಟೆ ಮೂಡಿಸುತ್ತದೆ. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮೊದಲೇ ಕೈಯಾರೆ ಕಟ್ಟಿಹಾಕಬೇಕು. ಪೋಲರೈಸರ್ ಚೀಲದಲ್ಲೇ ಇರಲಿ, ಅದು ಆಕಾಶವನ್ನು ಎಲ್ಲ ಕಡೆಯೂ ಒಂದೇ ಸಮ ಕಪ್ಪಾಗಿಸುವುದಿಲ್ಲ. ಸೂರ್ಯ ಮೇಲೇಳುವುದಕ್ಕೆ ಸ್ವಲ್ಪ ಮುಂಚಿನ ಹೊತ್ತೇ ವಾಸಿ ಎಂದು ನನ್ನ ನಂಬಿಕೆ.

ಪಶ್ಚಿಮಕ್ಕೆ ತಿರುಗಿದಾಗ ನಿಜವಾದ ಪಾಠ ಶುರು. ಎದುರಿಗೆ ಮಂಟಪದ ಕಲ್ಲುಕಂಬ. ಅದರಾಚೆ, ಬಲು ದೂರದಲ್ಲಿ, ಸುಮಾರು 50 ಮೀಟರ್ ಎತ್ತರದ ವಿರೂಪಾಕ್ಷನ ಗೋಪುರ. ಕ್ಯಾಮೆರಾ ತಿರುಗುವುದು ಟ್ರೈಪಾಡಿನ ತಿರುಪಿನ ಮೇಲೆ, ನೋಟ ಹುಟ್ಟುವುದು ಅದಕ್ಕಿಂತ ಮುಂದೆ, ಲೆನ್ಸಿನೊಳಗೆ. ಈ ಅಂತರದಿಂದಾಗಿ ಪ್ರತಿ ತಿರುವಿಗೂ ಕಂಬ ಗೋಪುರದ ಮುಂದೆ ಚೂರು ಚೂರೇ ಸರಿಯುತ್ತದೆ. ಜೋಡಿಸುವಾಗ ಕಂಬ ಮುರಿದಂತೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿ, ಮುಖದೆದುರು ಬೆರಳು ಹಿಡಿದು ತಲೆ ತಿರುಗಿಸಿದರೆ ಇದೇ ಆಟ ಕಾಣಿಸುತ್ತದೆ. ಕ್ಯಾಮೆರಾವನ್ನು ಜಾರುಪಟ್ಟಿಯ ಮೇಲೆ ಕೂರಿಸಿ, ಕಂಬದ ಅಂಚನ್ನು ಗೋಪುರದ ಅಂಚಿಗೆ ತಾಗಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುತ್ತ ಹಿಂದಕ್ಕೆ ಜರುಗಿಸಬೇಕು. ಎರಡೂ ಅಂಚು ಒಂದಕ್ಕೊಂದು ಅಂಟಿಕೊಂಡೇ ಸಾಗುವ ಜಾಗ ಸಿಕ್ಕಾಗ ಆಗುವ ಹಿಗ್ಗು ದೊಡ್ಡದು. ಹವ್ಯಾಸಿಗಳು ಅದನ್ನು ನೋಡಲ್ ಪಾಯಿಂಟ್ ಎನ್ನುತ್ತಾರೆ. ಪಟ್ಟಿಯ ಮೇಲೆ ಅಲ್ಲೊಂದು ಗುರುತು ಹಾಕಿಟ್ಟರೆ ಆ ಲೆನ್ಸಿಗೆ ಅದೇ ಕಾಯಂ.

1858ರಲ್ಲಿ ತಂಜಾವೂರಿನ ಬೃಹದೀಶ್ವರ ಗುಡಿಯ ಅಧಿಷ್ಠಾನದ ಶಾಸನಗಳನ್ನು ಸೆರೆಹಿಡಿದ ಛಾಯಾಗ್ರಾಹಕ ಲಿನಿಯಸ್ ಟ್ರೈಪ್ ಬೇರೆ ದಾರಿ ಹಿಡಿದಿದ್ದ. ಗೋಡೆಯುದ್ದಕ್ಕೂ ಕ್ಯಾಮೆರಾ ಸರಿಸುತ್ತ ಹೋಗಿ, 21 ಚಿತ್ರಗಳನ್ನು ಜೋಡಿಸಿದ. ಚಪ್ಪಟೆ ಗೋಡೆಗೆ ಅದು ಸರಿ. ಬೆಟ್ಟದ ನೆತ್ತಿಯಲ್ಲಿ ಸರಿಯಲು ಜಾಗವೆಲ್ಲಿ?

ಉತ್ತರಕ್ಕೆ ಬಂದರೆ ಬುಡದಲ್ಲಿ ಅಚ್ಯುತರಾಯನ ಗುಡಿಯ ಪ್ರಾಕಾರ, ಅದರ ಮುಂದೆ ನೇರ ಓಡುವ ಪಾಳುಬೀದಿ, ಆಚೆಗೆ ತುಂಗಭದ್ರೆ. ಮೋಡ ನಡೆಯುತ್ತಿದ್ದರೆ ಇಲ್ಲಿ ತಡಮಾಡಬಾರದು.

ಮನೆಗೆ ಬಂದು ಹಗಿನ್ ಎಂಬ ಉಚಿತ ತಂತ್ರಾಂಶಕ್ಕೆ ಚಿತ್ರಗಳನ್ನು ಕೊಟ್ಟರೆ ಅದು ಪಕ್ಕಪಕ್ಕದ ಚಿತ್ರಗಳಲ್ಲಿ ಒಂದೇ ಬಂಡೆ, ಒಂದೇ ಕಂಬ ಹುಡುಕಿ ಹೊಲಿಯುತ್ತದೆ. ಸಿಲಿಂಡರ್ ರೂಪದಲ್ಲಿ ಬಿಡಿಸಿದಾಗ ಕಂಬಗಳು ನೆಟ್ಟಗಿರುತ್ತವೆ, ವಿರೂಪಾಕ್ಷ ಬಜಾರಿನ ನೇರ ಸಾಲುಮಂಟಪ ಮಾತ್ರ ಬಾಗುತ್ತದೆ. ಬಾಗಲಿ, ಪೂರ್ತಿ ಸುತ್ತನ್ನು ಕಾಗದದ ಮೇಲೆ ಹಾಸಲು ಬೇರೆ ಉಪಾಯವಿಲ್ಲ. ಇನ್ನು ಉಳಿಯುವುದು ಕತ್ತರಿ ಎಲ್ಲಿ ಇಡಬೇಕೆಂಬ ಪ್ರಶ್ನೆ. ನಾನಾದರೆ ಬಂಡೆಗಳೇ ತುಂಬಿರುವ ದಕ್ಷಿಣದಲ್ಲಿ ಇಡುತ್ತೇನೆ. ಆಗ ಎಡಕ್ಕೆ ಗೋಪುರ, ನಡುವೆ ಹೊಳೆ, ಬಲಕ್ಕೆ ಕೆಂಪು ಪೂರ್ವ ಸಾಲಾಗಿ ಬರುತ್ತವೆ.