ಅಪಸ್ಮಾರ, ಗರ್ಭಿಣಿ ಮತ್ತು ವೈದ್ಯ ಸಂಶೋಧನೆ

ಅಪಸ್ಮಾರವನ್ನು ನಮ್ಮವರು ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಕರೆದರೆ ನೆರೆಯ ತಮಿಳು ಭಾಷಿಕರು ವಲಿಪ್ಪು ಎನ್ನುತ್ತಾರೆ. ಹೆಸರು ಯಾವುದಾದರೂ ಭಯ ಒಂದೇ. ಈ ರೋಗವುಳ್ಳ ಹೆಣ್ಣುಮಗಳು ಗರ್ಭಿಣಿಯಾದಾಗ ಆ ಭಯ ಇಮ್ಮಡಿಯಾಗುತ್ತದೆ. ಮಾತ್ರೆ ಸೇವಿಸಿದರೆ ಮಗುವಿಗೆ ಕೇಡಾದೀತೆ? ನಿಲ್ಲಿಸಿದರೆ ತಾಯಿಯ ಗತಿಯೇನು? ಈ ಪ್ರಶ್ನೆಗಳಿಗೆ ಇಂದು ದೊರೆಯುವ ಉತ್ತರವು ಊಹೆಯಿಂದ ಬಂದುದಲ್ಲ. ವೈದ್ಯರು ದಶಕಗಳ ಕಾಲ ರೋಗಿಗಳನ್ನು ಗಮನಿಸಿ, ಎಣಿಸಿ, ಪ್ರಕಟಿಸಿದ ಪ್ರಬಂಧಗಳ ಫಲವಾಗಿದೆ.

ಇಂತಹ ಪ್ರಬಂಧಗಳು ಹೇಗೆ ಬೆಳೆಯುತ್ತವೆಂಬುದಕ್ಕೆ ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಅವರ ಬರಹಗಳು ಉತ್ತಮ ನಿದರ್ಶನ. ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಕೆಲವರಿಗೆ ಮೂರ್ಛೆ ಬರುವುದನ್ನು ಕುರಿತು ಅವರೂ ಸಂಗಡಿಗರೂ 1968ರಲ್ಲಿ ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದರು. 1974ರಲ್ಲಿ 108 ರೋಗಿಗಳ ವಿವರ ಹೊರಬಂದಿತು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಅಭ್ಯಂಜನದ ದಿನ ಹಂಡೆಯ ಸುಡುನೀರನ್ನು ನೆತ್ತಿಗೆ ಸುರಿಯುವ ನಮ್ಮ ಮನೆಗಳಿಗೆ ಇದು ದೂರದ ವಿಷಯವಲ್ಲ. ಅನೇಕರಿಗೆ ನೀರಿನ ಬಿಸಿಯನ್ನು ತಗ್ಗಿಸುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯಾಯಿತು.

ಮಣಿಯವರು ಅಲ್ಲಿಗೇ ನಿಲ್ಲಲಿಲ್ಲ. ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಮನೆಮನೆಯ ಸಮೀಕ್ಷೆ ನಡೆಸಿ, ರೋಗಿಗಳಿಗೆ ಚಿಕಿತ್ಸೆ ನೀಡಿ, ವರ್ಷಗಳ ಕಾಲ ಅವರ ಬೆನ್ನುಹತ್ತಿದರು. ಫಿನೋಬಾರ್ಬಿಟೋನ್, ಫೆನಿಟೊಯಿನ್ ಎಂಬ ಕಡಿಮೆ ಬೆಲೆಯ ಹಳೆಯ ಔಷಧಗಳಿಂದಲೇ ಹಳ್ಳಿಯಲ್ಲಿಯೂ ರೋಗವನ್ನು ಹತೋಟಿಗೆ ತರಬಹುದೆಂಬುದನ್ನು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವು ಲೋಕಕ್ಕೆ ತಿಳಿಸಿತು.

ಆದರೆ ಗರ್ಭಿಣಿಯರ ವಿಷಯದಲ್ಲಿ ಒಬ್ಬ ವೈದ್ಯರ ಅನುಭವ ಸಾಲದು. ಔಷಧದಿಂದ ಶಿಶುವಿಗೆ ಆಗಬಹುದಾದ ಊನವು ವಿರಳವಾದುದರಿಂದ ಅದನ್ನು ಗುರುತಿಸಲು ಸಾವಿರಾರು ಗರ್ಭಧಾರಣೆಗಳ ದಾಖಲೆ ಬೇಕು. ಇದಕ್ಕಾಗಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಸಂಜೀವ್ ವಿ. ಥಾಮಸ್ ಅವರ ನೇತೃತ್ವದಲ್ಲಿ 1998ರಲ್ಲಿ ಕೇರಳ ಅಪಸ್ಮಾರ ಮತ್ತು ಗರ್ಭಧಾರಣೆ ನೋಂದಣಿ ಆರಂಭವಾಯಿತು. ಅದರ ಆಧಾರದ ಮೇಲೆ 2012ರಲ್ಲಿ ಪ್ರಕಟವಾದ ಪ್ರಬಂಧವು 1297 ಗರ್ಭಧಾರಣೆಗಳನ್ನು ಪರಿಶೀಲಿಸಿತು. ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಒಂದು ಸಲವೂ ಮೂರ್ಛೆ ಬಂದಿರಲಿಲ್ಲ. ಗರ್ಭಧಾರಣೆಗೆ ಹಿಂದಿನ ತಿಂಗಳಲ್ಲಿ ಮೂರ್ಛೆ ಬಂದಿದ್ದವರಿಗೆ ಅಪಾಯ ಹೆಚ್ಚು. ಹೆರಿಗೆಯ ಆಸುಪಾಸಿನ ದಿನಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಇಂತಹ ತಾಯಂದಿರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ದೊಡ್ಡ ಊನವಿಲ್ಲದ ಮಕ್ಕಳೇ ಹುಟ್ಟುತ್ತವೆಂಬುದು ಧೈರ್ಯ ತರುವ ಮಾತು.

ಎಲ್ಲ ಔಷಧಗಳೂ ಸಮಾನವಲ್ಲ. ವಾಲ್‌ಪ್ರೊಯೇಟ್ ಸೇವಿಸಿದ ತಾಯಂದಿರ ಶಿಶುಗಳಲ್ಲಿ ಬೆನ್ನುಹುರಿಯ ಊನ ಹೆಚ್ಚೆಂಬುದನ್ನು 1982ರಲ್ಲಿ ಫ್ರಾನ್ಸಿನ ವೈದ್ಯರು ಗುರುತಿಸಿದರು. ಮಗುವಿನ ಬುದ್ಧಿಶಕ್ತಿಯ ಮೇಲೂ ಅದು ಪರಿಣಾಮ ಬೀರಬಹುದೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಪ್ರಮಾಣ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ. ಇನ್ನೊಂದೆಡೆ, ಒಮ್ಮೆ ಇಂತಹ ಊನವುಳ್ಳ ಶಿಶುವನ್ನು ಹೆತ್ತ ತಾಯಂದಿರು ಗರ್ಭಧಾರಣೆಗೆ ಮುನ್ನವೇ ಫೋಲಿಕ್ ಆಮ್ಲ ಸೇವಿಸಿದರೆ, ಅದು ಮರುಕಳಿಸುವ ಸಂಭವ ಶೇ. 72ರಷ್ಟು ತಗ್ಗುವುದೆಂದು 1991ರಲ್ಲಿ ಬ್ರಿಟನ್ನಿನ ಸಂಶೋಧನೆ ಸಾರಿತು. ಶಿಶುವಿನ ನರನಾಳವು ಗರ್ಭ ನಿಂತ ನಾಲ್ಕು ವಾರಗಳಲ್ಲೇ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ಮಂದಿಗೆ ತಾವು ಬಸುರಿಯೆಂಬ ಅರಿವೇ ಇರುವುದಿಲ್ಲ. ಆದುದರಿಂದ ವೈದ್ಯರ ಸಲಹೆಯನ್ನು ಮದುವೆಯ ಹೊತ್ತಿಗೇ ಪಡೆಯಬೇಕು.

ಇಲ್ಲಿಯೇ ತೊಡಕಿರುವುದು. ಮದುವೆಯ ಮಾತುಕತೆಯಲ್ಲಿ ರೋಗವನ್ನು ಮುಚ್ಚಿಡುತ್ತಾರೆ. ಅತ್ತೆಯ ಮನೆಯಲ್ಲಿ ಮಾತ್ರೆಯನ್ನು ಗುಟ್ಟಾಗಿ ನುಂಗಬೇಕಾಗುತ್ತದೆ, ಇಲ್ಲವೇ ನಿಂತೇಹೋಗುತ್ತದೆ. ಹಠಾತ್ತನೆ ಔಷಧ ನಿಲ್ಲಿಸಿದರೆ ಬಿಡದೆ ಬರುವ ಮೂರ್ಛೆಯು ತಾಯಿ, ಮಗು ಇಬ್ಬರ ಪ್ರಾಣಕ್ಕೂ ಕುತ್ತು ತರಬಲ್ಲದು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರವೆಂಬ ಪದವನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಕಾಯಿದೆ ಬದಲಾದರೂ ಮನೆಯ ಅಂಜಿಕೆ ಇನ್ನೂ ಪೂರ್ತಿ ಕರಗಿಲ್ಲ.

ನಮ್ಮ ಪಾಲಕೋಡಿನಿಂದ ಬೆಂಗಳೂರಿಗೆ ರೈಲಿದೆ; ಧರ್ಮಪುರಿಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕೊರತೆಯಿರುವುದು ತಿಳಿವಳಿಕೆಯಲ್ಲಿ. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡದೆ, ಬಾಯಿಗೆ ಏನನ್ನೂ ತುರುಕದೆ, ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕೆಂಬುದನ್ನು ಪ್ರತಿ ವಿದ್ಯಾರ್ಥಿಯೂ ಅರಿಯಲಿ. ಗರ್ಭಿಣಿಯಾದವಳು ಮಾತ್ರೆಯನ್ನು ತಾನಾಗಿ ನಿಲ್ಲಿಸದೆ, ಬದಲಿಸದೆ, ಮೊದಲು ವೈದ್ಯರನ್ನು ಕಾಣಬೇಕೆಂಬುದನ್ನು ಪ್ರತಿ ಮನೆಯೂ ಅರಿಯಲಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅಡಗಿರುವ ಈ ಅರಿವನ್ನು ತಾಯ್ನುಡಿಯಲ್ಲಿ ಮನೆಗೆ ಮುಟ್ಟಿಸುವುದು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರೆಲ್ಲರ ಹೊಣೆ.