ಕೂದಲು ತಲೆಗೆ ಅಂಟ್ಕೊಂಡೇ ಇರುತ್ತಾ? ನಯ ಕೂದಲಿಗೆ ವಾಲ್ಯೂಮ್ ಬರೋದು ಹೇಗೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಾ ಇದ್ರೆ, ಕಿಟಕಿ ಗಾಜಲ್ಲಿ ಒಂದು ಸಲ ನಿಮ್ಮ ತಲೆ ನೋಡ್ಕೊಳ್ಳಿ. ಬೆಳಿಗ್ಗೆ ತಲೆಸ್ನಾನ ಮಾಡಿ ಹೊರಟಾಗ ಚೆನ್ನಾಗೇ ಇದ್ದ ಕೂದಲು ಮಧ್ಯಾಹ್ನ ಊಟದ ಹೊತ್ತಿಗೆ ಚಪ್ಪಟೆಯಾಗಿ ಅಂಟ್ಕೊಂಡು ಬಿಡುತ್ತಾ? ಕ್ಲಿಪ್ ಹಾಕಿದ್ರೆ ನಿಲ್ಲಲ್ಲ, ರಬ್ಬರ್ ಬ್ಯಾಂಡ್ ಜಾರಿ ಬೀಳುತ್ತೆ, ಕರ್ಲ್ ಮಾಡಿಸಿದ್ರೆ ಮದುವೆ ಮನೆ ತಲುಪೋ ಅಷ್ಟರಲ್ಲಿ ಮತ್ತೆ ನೆಟ್ಟಗೆ? ಹಾಗಾದ್ರೆ ಇವತ್ತಿನ ಸಂಚಿಕೆ ನಿಮಗೇ.

ಇದೊಂದು ವಿಚಿತ್ರ ಸಂಕಟ. ನೇರವಾದ, ರೇಷ್ಮೆಯಂಥ ಕೂದಲು ಅಂದ್ರೆ ಅದೃಷ್ಟ ಅಂತಾರೆ. ಅದಕ್ಕೋಸ್ಕರ ಪಾರ್ಲರ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಸ್ಟ್ರೇಟನಿಂಗ್ ಮಾಡಿಸೋರಿದ್ದಾರೆ. ಆದರೆ ಹುಟ್ಟಿನಿಂದಲೇ ಅಂಥ ಕೂದಲು ಇರೋರಿಗೆ ಸಿಗೋ ಬಿರುದು ಏನು ಗೊತ್ತಲ್ಲ? ‘ಇಲಿ ಬಾಲ’. ಸ್ಕೂಲಲ್ಲಿ ಕೇಳಿರ್ತೀರ, ಮದುವೆ ಮನೇಲಿ ಯಾರೋ ಅತ್ತೆ ಜಡೆ ಹಿಡಿದು ‘ಅಯ್ಯೋ, ಇಷ್ಟೇನಾ ಕೂದಲು?’ ಅಂದಿರ್ತಾರೆ. ಅಲ್ಲಿಂದ ಶುರು. ಈರುಳ್ಳಿ ಎಣ್ಣೆ, ಬಯೋಟಿನ್ ಗಮ್ಮಿ, ಹೇರ್ ಫಾಲ್ ಶಾಂಪೂ, ಸೀರಮ್. ಇಲ್ಲದ ಕಾಯಿಲೆಗೆ ತಿಂಗಳು ತಿಂಗಳು ಔಷಧಿ.

ಅದಕ್ಕೇ ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ‘ತೆಳು ಕೂದಲು’ ಅನ್ನೋ ಒಂದೇ ಮಾತಲ್ಲಿ ನಾವು ಎರಡು ಬೇರೆ ಸಂಗತಿ ಹೇಳ್ತೀವಿ. ಒಂದು, ಪ್ರತಿ ಎಳೆಯೂ ಸಣ್ಣ. ಇನ್ನೊಂದು, ಎಳೆಗಳ ಸಂಖ್ಯೆಯೇ ಕಮ್ಮಿ. ಎಳೆ ಸಣ್ಣಗಿದ್ದೂ ಕೂದಲು ಒತ್ತಾಗಿರಬಹುದು. ಬಾಚಣಿಗೆಯಿಂದ ಒಂದು ಎಳೆ ತಗೊಂಡು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ ನೋಡಿ. ಕೈಗೆ ಸಿಕ್ಕಿದ್ದೇ ಗೊತ್ತಾಗದಿದ್ರೆ ನಿಮ್ಮದು ಸಣ್ಣ ಎಳೆ. ಆಮೇಲೆ ಕನ್ನಡಿ ಮುಂದೆ ಬೈತಲೆ ನೋಡಿ. ಬೈತಲೆಯ ಗೆರೆ ಸಣ್ಣಗೇ ಇದೆ, ಮೂರ್ನಾಲ್ಕು ವರ್ಷದ ಹಿಂದಿನ ಫೋಟೋದಲ್ಲೂ ಹಾಗೇ ಇತ್ತು ಅಂದ್ರೆ, ನಿಮಗೇನೂ ಆಗಿಲ್ಲ. ನಿಮ್ಮ ಕೂದಲು ಇರೋದೇ ಹಾಗೆ. ಗೆರೆ ಅಗಲ ಆಗ್ತಾ ಇದ್ರೆ ಅದು ಬೇರೆ ಕಥೆ, ಕೊನೆಯಲ್ಲಿ ಹೇಳ್ತೀನಿ.

ಸಣ್ಣ ಎಳೆ ಯಾಕೆ ಮಲಗಿಬಿಡುತ್ತೆ? ಇಲ್ಲಿ ಸ್ವಲ್ಪ ಪಿಯುಸಿ ಫಿಸಿಕ್ಸ್, ಎರಡೇ ನಿಮಿಷ. ತಲೆಗೂದಲಿನ ಒಂದು ಎಳೆಯ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್. ಒಂದು ಕಡ್ಡಿ ಎಷ್ಟು ಸುಲಭವಾಗಿ ಬಾಗುತ್ತೆ ಅನ್ನೋದು ಅದರ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ. ಅಂದರೆ ದಪ್ಪ ಅರ್ಧ ಆದ್ರೆ ಗಡಸುತನ ಅರ್ಧ ಆಗಲ್ಲ, 16ರಲ್ಲಿ ಒಂದು ಪಾಲು ಆಗುತ್ತೆ. ನಿಮ್ಮ ಗೆಳತಿಯದು 80 ಮೈಕ್ರಾನ್, ನಿಮ್ಮದು 60 ಅಂದ್ಕೊಳ್ಳಿ. ನೋಡೋಕೆ ಸಣ್ಣ ವ್ಯತ್ಯಾಸ. ಆದರೆ ನಿಮ್ಮ ಎಳೆಯ ಗಡಸುತನ ಅವರದರ ಮೂರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಮ್ಮಿ! ಬುಡದಲ್ಲಿ ಎದ್ದು ನಿಲ್ಲೋ ತಾಕತ್ತೇ ಇಲ್ಲ. ಉದ್ದ ಬಿಟ್ಟಷ್ಟೂ ಭಾರ ಕೆಳಗೆ ಎಳೆಯುತ್ತೆ. ಮೇಲಿಂದ ಕೂದಲು ನೇರ ಬೇರೆ. ಗುಂಗುರು ಕೂದಲಲ್ಲಿ ತಲೆಚರ್ಮದ ಜಿಡ್ಡು ತಿರುವು ತಿರುವಲ್ಲಿ ತಡೆದು ನಿಲ್ಲುತ್ತೆ. ನೇರ ಕೂದಲಲ್ಲಿ ಸರ್ರಂತ ಕೆಳಗೆ ಇಳಿಯುತ್ತೆ. ಜಿಡ್ಡು ಇಳಿದ ಮೇಲೆ ನಾಲ್ಕು ಎಳೆ ಸೇರಿ ಒಂದಾಗುತ್ತೆ, ನೆತ್ತಿ ಕಾಣೋಕೆ ಶುರು.

ಎಳೆಯ ದಪ್ಪ ಬಹುಮಟ್ಟಿಗೆ ಅಪ್ಪ ಅಮ್ಮ ಕೊಟ್ಟಿದ್ದು. ಹಚ್ಚೋ ಯಾವ ಎಣ್ಣೆಯೂ 60 ಮೈಕ್ರಾನ್ ಎಳೆಯನ್ನ 80 ಮಾಡಲ್ಲ. ವಾಲ್ಯೂಮ್ ಅನ್ನೋದು ಬೆಳೆಸೋ ವಸ್ತು ಅಲ್ಲ, ತಲೆ ಒಣಗೋ ಆ ಹತ್ತು ಹದಿನೈದು ನಿಮಿಷದಲ್ಲಿ ತಯಾರಾಗೋ ಆಕಾರ.

ಇದು ಅರ್ಥ ಆಗ್ಬೇಕಾದ್ರೆ ಇಸ್ತ್ರಿ ಅಂಗಡಿ ನೆನಪು ಮಾಡ್ಕೊಳ್ಳಿ. ಬಟ್ಟೆ ಮೇಲೆ ನೀರು ಚಿಮುಕಿಸಿ, ಬಿಸಿ ಪೆಟ್ಟಿಗೆ ಒತ್ತಿ, ಆರೋಕೆ ಬಿಡ್ತಾರೆ. ಮಡಿಕೆ ಹಾಗೇ ನಿಲ್ಲುತ್ತೆ. ಕೂದಲೂ ಹಾಗೇ. ಕೂದಲು ಕೆರಾಟಿನ್ ಅನ್ನೋ ಪ್ರೋಟೀನ್‌ನಿಂದ ಆಗಿದ್ದು. ಅದರೊಳಗೆ ಹೈಡ್ರೋಜನ್ ಬಂಧಗಳು ಅಂತಿರ್ತವೆ. ನೀರು ತಾಗಿದ್ರೆ ಅವು ಬಿಚ್ಚಿಕೊಳ್ತವೆ, ಒಣಗ್ತಾ ಮತ್ತೆ ಕಟ್ಕೊಳ್ತವೆ. ಒಣಗುವಾಗ ಕೂದಲು ಯಾವ ಭಂಗಿಯಲ್ಲಿತ್ತೋ ಅದೇ ಭಂಗಿಯಲ್ಲಿ ಗಟ್ಟಿಯಾಗುತ್ತೆ. ಒದ್ದೆ ತಲೆಗೆ ಟವೆಲ್ ಸುತ್ತಿ, ಆಮೇಲೆ ನೀಟಾಗಿ ಬಾಚಿ, ಫ್ಯಾನ್ ಕೆಳಗೆ ಕೂತ್ರೆ, ತಲೆಗೆ ಅಂಟಿಕೊಂಡೇ ಒಣಗಬೇಕು ಅಂತ ನೀವೇ ಹೇಳಿಕೊಟ್ಟ ಹಾಗೆ.

ಹಾಗಾಗಿ ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಚೆಲ್ಲಿ, ಬುಡದಿಂದ ಒಣಗಿಸಿ. ಹೇರ್ ಡ್ರೈಯರ್ ಇದ್ರೆ ಮಧ್ಯಮ ಬಿಸಿ ಸಾಕು. ಮುಕ್ಕಾಲು ಭಾಗ ಒಣಗೋ ತನಕ ಬರೀ ಬೆರಳಲ್ಲಿ ಕೆದಕ್ತಾ ಇರಿ. ಆಮೇಲೆ ತಲೆ ಎತ್ತಿ, ನೆತ್ತಿಯ ಕೂದಲನ್ನ ಒಂದೊಂದೇ ಹಿಡಿ ಮೇಲಕ್ಕೆತ್ತಿ ಬುಡಕ್ಕೆ ಗಾಳಿ ಕೊಡಿ. ಕೊನೆಗೆ ತಣ್ಣನೆ ಗಾಳಿಯ ಬಟನ್. ಅದು ಸುಮ್ನೆ ಇಟ್ಟಿದ್ದಲ್ಲ. ಬಿಸಿ ಇರೋ ತನಕ ಆಕಾರ ಸಡಿಲ, ತಣ್ಣಗಾದ ಮೇಲೇ ಗಟ್ಟಿ. ಕರ್ಲ್ ಮಾಡಿದ ತಕ್ಷಣ ಬಾಚೋರು ಎಡವೋದು ಇಲ್ಲೇ. ಸುತ್ತಿದ ಕೂದಲನ್ನ ಪಿನ್ ಹಾಕಿ ಆರಲು ಬಿಟ್ರೆ ಮದುವೆ ಮನೆ ದಾಟಿ ಊಟದ ಪಂಕ್ತಿ ತನಕವೂ ನಿಲ್ಲುತ್ತೆ.

ಡ್ರೈಯರ್ ಅಂದ್ರೆ ಕೂದಲು ಸುಟ್ಟು ಹೋಗುತ್ತೆ ಅನ್ನೋ ಭಯ ಇದೆಯಲ್ಲ, ಅದರ ಬಗ್ಗೆ ದಕ್ಷಿಣ ಕೊರಿಯಾದ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಬಿಸಿ ಹೆಚ್ಚಾದಷ್ಟೂ ಕೂದಲಿನ ಹೊರಪದರಕ್ಕೆ ಪೆಟ್ಟು ಹೆಚ್ಚು ಅನ್ನೋದು ನಿಜ. ಆದರೆ 15 ಸೆಂಟಿಮೀಟರ್ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸ್ತಾ ಒಣಗಿಸಿದ್ರೆ, ತಾನಾಗಿ ಒಣಗಲು ಬಿಟ್ಟಿದ್ದಕ್ಕಿಂತ ಒಟ್ಟಾರೆ ಹಾನಿ ಕಮ್ಮಿ ಅಂತ ಅವರಿಗೆ ಕಂಡುಬಂತು. ಕೂದಲು ಗಂಟೆಗಟ್ಟಲೆ ನೀರಲ್ಲಿ ಉಬ್ಬಿಕೊಂಡಿರೋದೂ ಒಳ್ಳೇದಲ್ಲ. 15 ಸೆಂಟಿಮೀಟರ್ ಅಂದ್ರೆ ನಿಮ್ಮ ಫೋನಿನ ಉದ್ದ ಅಂದ್ಕೊಳ್ಳಿ.

ಡ್ರೈಯರ್ ಇಲ್ವಾ? ನಮ್ಮ ಅಜ್ಜಿಯರ ಹತ್ರ ಇತ್ತು. ಬಾಣಂತಿಗೆ, ಮಗುವಿಗೆ ತಲೆಗೆ ಎರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿ ಮೇಲೆ ಕೂದಲು ಹರಡ್ತಿದ್ರಲ್ಲ? ಘಮ ಒಂದು ಕಡೆ ಇರಲಿ, ಯೋಚಿಸಿ ನೋಡಿ. ಕೆಳಗಿಂದ ಬಿಸಿ ಗಾಳಿ, ಎಳೆಗಳು ಬಿಡಿಬಿಡಿ, ತಲೆಯಿಂದ ಎದ್ದ ಹಾಗೆ. ಇವತ್ತಿನ ಸಲೂನ್ ಮಾಡೋದೂ ಅದನ್ನೇ. ಮುಚ್ಚಿದ ರೂಮಲ್ಲಿ ಹೊಗೆ ಮಾತ್ರ ಹಾಕ್ಬೇಡಿ.

ರಾತ್ರಿ ಜಡೆ ಹಾಕಿ ಮಲಗೋದೂ ಇದೇ ಲೆಕ್ಕ. ಕೂದಲು ಬಹುತೇಕ ಒಣಗಿ, ಸ್ವಲ್ಪವೇ ತೇವ ಇದ್ದಾಗ ನಾಲ್ಕೈದು ಸಡಿಲ ಜಡೆ ಹಾಕಿ. ಬೆಳಿಗ್ಗೆ ಬಿಚ್ಚಿ ಬೆರಳಾಡಿಸಿ, ಬಾಚಣಿಗೆ ಮುಟ್ಟಿಸಬೇಡಿ. ಟೆಕ್ಸ್ಚರ್ ಅಂತ ಕರೆಯೋ ಆ ಅಲೆಅಲೆ ನೋಟ ಖರ್ಚಿಲ್ಲದೆ ಸಿಗುತ್ತೆ. ಮಂಗಳೂರು, ಕಾರವಾರ ಕಡೆಯವರು, ಮಳೆಗಾಲದಲ್ಲಿ ಮಲೆನಾಡಿನವರು ಮಾತ್ರ ಹೆಚ್ಚು ನಿರೀಕ್ಷೆ ಇಟ್ಕೋಬೇಡಿ. ಗಾಳಿಯ ತೇವ ಸಾಕು, ಆ ಹೈಡ್ರೋಜನ್ ಬಂಧಗಳು ಮತ್ತೆ ಬಿಚ್ಚಿಕೊಳ್ಳೋಕೆ. ಅಂಥ ಊರಲ್ಲಿ ಕಟಿಂಗೇ ಗತಿ.

ಕಟಿಂಗ್ ವಿಷಯ ಬೇಗ ಮುಗಿಸ್ತೀನಿ. ಭುಜದ ಆಸುಪಾಸಿನ ಉದ್ದ, ತುದಿ ಒಂದೇ ಗೆರೆಗೆ ಬರೋ ಬ್ಲಂಟ್ ಕಟ್. ಸಣ್ಣ ಎಳೆಗೆ ಲೇಯರ್ ಜಾಸ್ತಿ ಮಾಡಿಸಿದ್ರೆ ತುದಿ ಇನ್ನೂ ಸೊರಗುತ್ತೆ. ಪಾರ್ಲರ್‌ನವರು ಹಲ್ಲಿನ ಕತ್ತರಿ ತೆಗೆದ್ರೆ ‘ಬೇಡ ಅಕ್ಕಾ’ ಅಂದುಬಿಡಿ. ಹುಡುಗರು ಪಕ್ಕ ಗಿಡ್ಡ, ಮೇಲೆ ಎರಡು ಮೂರು ಇಂಚು ಬಿಡಿಸಿ. ಜೆಲ್ ಹಾಕಿದ್ರೆ ಎಳೆಗಳು ಗುಂಪು ಗುಂಪಾಗಿ ನೆತ್ತಿ ಹೊಳೆಯುತ್ತೆ, ಹೊಳಪಿಲ್ಲದ ಮ್ಯಾಟ್ ಕ್ಲೇ ಕಡಲೆಕಾಳಿನಷ್ಟು ಸಾಕು. ಇನ್ನು ಎಲ್ಲರಿಗೂ ಒಂದು ಪುಕ್ಕಟೆ ಉಪಾಯ: ಬೈತಲೆ ಬದಲಿಸಿ. ವರ್ಷಗಟ್ಟಲೆ ಒಂದೇ ಕಡೆ ಮಲಗಿದ ಕೂದಲನ್ನ ಇನ್ನೊಂದು ಕಡೆಗೆ ಹಾಕಿದ್ರೆ ಬುಡ ತಾನಾಗಿ ಎದ್ದು ನಿಲ್ಲುತ್ತೆ.

ಈಗ ಎಣ್ಣೆ. ಜಗಳ ಆಗೋ ವಿಷಯ ಅಂತ ಗೊತ್ತು! ಎಣ್ಣೆ ಬಿಡಿ ಅಂತ ನಾನು ಹೇಳ್ತಿಲ್ಲ. 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ್ರು. ಕೂದಲು ಪ್ರೋಟೀನ್ ಕಳ್ಕೊಳ್ಳೋದನ್ನ ಕಮ್ಮಿ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರೋ ಕಂಪನಿಯವರೇ ಅನ್ನೋದೂ ತಲೆಯಲ್ಲಿರಲಿ. ನಿಮ್ಮ ಕೂದಲಿಗೆ ಲೆಕ್ಕ ಇಷ್ಟೇ: ಎಣ್ಣೆ ಸ್ನಾನಕ್ಕೆ ಮುಂಚೆ, ಒಂದೆರಡು ಗಂಟೆ, ಒಂದು ಚಮಚ, ಉದ್ದಕ್ಕೂ ತುದಿಗೂ. ಸ್ನಾನ ಆದ ಮೇಲೆ ‘ಸ್ವಲ್ಪ ಶೈನಿಂಗ್ ಇರ್ಲಿ’ ಅಂತ ಅಂಗೈಯಲ್ಲಿ ಸವರೋದಿದೆಯಲ್ಲ, ಅಲ್ಲಿಗೆ ವಾಲ್ಯೂಮ್ ಕಥೆ ಮುಗೀತು. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ, ಬುಡಕ್ಕೆ ಬೇಡವೇ ಬೇಡ. ದಾಸವಾಳದ ಸೊಪ್ಪಿನ ಲೋಳೆ ಹಚ್ಚೋರೂ ಚೆನ್ನಾಗಿ ತೊಳೀರಿ, ಉಳಿದ ಲೋಳೆ ಎಳೆಗಳನ್ನ ಒಂದಕ್ಕೊಂದು ಅಂಟಿಸುತ್ತೆ.

ಬೆಂಗಳೂರಿನ ಬೋರ್‌ವೆಲ್ ನೀರಿನ ಬಗ್ಗೆ ಹೇಳದೆ ಹೋದ್ರೆ ನೀವು ಬಿಡಲ್ಲ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಮಂಕಾಗಿಸುತ್ತೆ. ಕೂದಲು ಉದುರೋದಕ್ಕೆ ಆ ನೀರೇ ಕಾರಣ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಎರಡು ಮೂರು ವಾರಕ್ಕೊಮ್ಮೆ ಕ್ಲಾರಿಫೈಯಿಂಗ್ ಶಾಂಪೂ, ಆದ್ರೆ ಕೊನೆಯ ಎರಡು ಮಗ್ ಫಿಲ್ಟರ್ ನೀರು ಹಾಕ್ಕೊಳ್ಳಿ.

ಟೆಕ್ಸ್ಚರ್ ಸ್ಪ್ರೇ ದುಬಾರಿ ಅನ್ಸಿದ್ರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ ಸ್ಪ್ರೇ ಬಾಟಲಿಗೆ ಹಾಕಿ. ಉಪ್ಪಿನಿಂದ ಎಳೆಗಳು ಒರಟಾಗಿ ಒಂದನ್ನೊಂದು ಹಿಡ್ಕೊಳ್ತವೆ. ವಾರಕ್ಕೆ ಒಂದೆರಡು ಸಲಕ್ಕಿಂತ ಜಾಸ್ತಿ ಬೇಡ, ಕೂದಲು ಒಣಕಲಾಗುತ್ತೆ. ರೊಟ್ಟಿ ಜೊತೆ ಅಗಸಿ ಹಿಂಡಿ ತಿಂದು ಬೆಳೆದ ಉತ್ತರ ಕರ್ನಾಟಕದವರ ಮನೇಲಿ ಅಗಸೆ ಬೀಜ ಇದ್ದೇ ಇರುತ್ತೆ. ಅದನ್ನ ನೀರಲ್ಲಿ ಕುದಿಸಿ, ಮೊಟ್ಟೆಯ ಬಿಳಿಯಷ್ಟು ಲೋಳೆಯಾದಾಗ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಚೂರೇ ಚೂರು ತಗೊಂಡು ಒದ್ದೆ ಕೂದಲ ಮಧ್ಯಭಾಗಕ್ಕೆ ಹಚ್ಚಿ ಜಡೆ ಹಾಕಿದ್ರೆ ಅಲೆ ಹೆಚ್ಚು ಹೊತ್ತು ನಿಲ್ಲುತ್ತೆ. ಫ್ರಿಜ್ಜಲ್ಲಿಡಿ, ಒಂದು ವಾರದಲ್ಲಿ ಮುಗಿಸಿ.

ಪರ್ಮ್ ಮಾಡಿಸ್ಲಾ ಅಂತ ಕೇಳೋರಿಗೆ: ಪರ್ಮ್ ಮುರಿಯೋದು ನೀರಿಗೆ ಬಿಚ್ಚಿಕೊಳ್ಳೋ ಬಂಧಗಳನ್ನಲ್ಲ, ಕೂದಲಿಗೆ ಗಟ್ಟಿತನ ಕೊಡೋ ಡೈಸಲ್ಫೈಡ್ ಬಂಧಗಳನ್ನ. ಅದಕ್ಕೇ ತೊಳೆದ್ರೂ ಹೋಗಲ್ಲ. ಸಣ್ಣ ಎಳೆಗೆ ಇದು ದೊಡ್ಡ ಪೆಟ್ಟು. ಮೊದಲೇ ಸ್ಟ್ರೇಟನಿಂಗ್ ಅಥವಾ ಬ್ಲೀಚ್ ಆಗಿದ್ರೆ ದಯವಿಟ್ಟು ಬೇಡ, ಕೂದಲು ನಡುವೆಯೇ ತುಂಡಾಗುತ್ತೆ. ‘ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿ, ಕೂದಲು ತುಂಬ್ಕೊಳ್ಳುತ್ತೆ’ ಅಂತ ಹೇಳೋರೂ ಇದ್ದಾರೆ. ಅದು ಕೂದಲನ್ನ ನುಣುಪು ಮಾಡುತ್ತೆ, ಅಂದ್ರೆ ನಿಮ್ಮದನ್ನ ಇನ್ನಷ್ಟು ಚಪ್ಪಟೆ ಮಾಡುತ್ತೆ. ಇಂಥ ಕೆಲವು ದ್ರಾವಣಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡ್ತವೆ ಅನ್ನೋದು ಬೇರೆ.

ಚೌರಿ, ಎಕ್ಸ್‌ಟೆನ್ಷನ್ ಹಾಕೋದು ತಪ್ಪಲ್ಲ. 1960ರ ದಶಕದ ಸಿನಿಮಾಗಳ ಆ ಎತ್ತರದ ತುರುಬುಗಳೆಲ್ಲ ಸ್ವಂತ ಕೂದಲು ಅಂದ್ಕೊಂಡಿದ್ರಾ? ಆದರೆ ಭಾರದ ಚೌರಿ, ಮೊಗ್ಗಿನ ಜಡೆ ಒಂದು ದಿನಕ್ಕೆ ಸರಿ. ದಿನಾ ಬುಡ ಎಳೆಯೋ ಹಾಗೆ ಬಿಗಿಯಾಗಿ ಕಟ್ಟಿದ್ರೆ ಹಣೆಯ ಅಂಚಿನ ಕೂದಲು ಹೋಗುತ್ತೆ. ಬಹಳ ದಿನ ಹಾಗೇ ಬಿಟ್ರೆ ವಾಪಸ್ ಬರಲ್ಲ.

ಈಗ ಆ ಬೇರೆ ಕಥೆ. ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಡೆಂಗ್ಯೂ, ಟೈಫಾಯ್ಡ್ ಥರದ ಜ್ವರ, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು, ಇವಾಗಿ ಎರಡು ಮೂರು ತಿಂಗಳಿಗೆ ಹಿಡಿ ಹಿಡಿ ಉದುರಬಹುದು. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತೆ. ಆದರೆ ಬೈತಲೆ ಅಗಲ ಆಗ್ತಾ ಬಂದ್ರೆ, ಹುಡುಗರಲ್ಲಿ ಹಣೆಯ ಎರಡೂ ಮೂಲೆ ಹಿಂದೆ ಸರೀತಿದ್ರೆ, ನಾಣ್ಯದಗಲ ಬೋಳಾದ್ರೆ, ಸೀದಾ ಚರ್ಮರೋಗ ತಜ್ಞರ ಹತ್ರ ಹೋಗಿ. ಕಬ್ಬಿಣದಂಶ, ಥೈರಾಯ್ಡ್ ನೋಡೋಕೆ ಅವರು ರಕ್ತ ಪರೀಕ್ಷೆ ಬರೀಬಹುದು. ಹೋಗುವಾಗ ಬಯೋಟಿನ್ ಗಮ್ಮಿ ತಿಂತಿರೋದನ್ನ ಹೇಳೋದು ಮರೀಬೇಡಿ. ಬಯೋಟಿನ್ ಹೆಚ್ಚಾದ್ರೆ ಥೈರಾಯ್ಡ್, ಹೃದಯಾಘಾತ ಪತ್ತೆಯ ಟ್ರೋಪೋನಿನ್ ಥರದ ಕೆಲವು ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು ಅಂತ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಕೊರತೆ ಇಲ್ಲದೋರಿಗೆ ಆ ಗಮ್ಮಿಯಿಂದ ಕೂದಲು ದಪ್ಪ ಆಗುತ್ತೆ ಅನ್ನೋದಕ್ಕೂ ಸರಿಯಾದ ಪುರಾವೆ ಇಲ್ಲ.

ಇವತ್ತಿಗೆ ಇಷ್ಟು. ಗುಂಗುರು ಕೂದಲಿನವರು ‘ನಮ್ಮ ಕಥೆ ಯಾವಾಗ’ ಅಂತ ಕೇಳ್ತಿದ್ದೀರ, ಮುಂದಿನ ಸಂಚಿಕೆ ನಿಮ್ಮದೇ. ಅಲ್ಲೀವರೆಗೂ ಪ್ರಶ್ನೆಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸ್ತಾ ಇರಿ.